ಕಸ್ತೂರಬಾ ಬೇಡವೆಂದ ಸಾರು

ನಾನು ಹುಟ್ಟಿದ್ದೇ ಸಸ್ಯಾಹಾರಿ ಮನೆಯಲ್ಲಿ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಮೀನು ಸಾರಿಲ್ಲದೆ ಊಟ ಸೇರದ ಕರಾವಳಿಯ ಗೆಳತಿಯರು ನಮ್ಮ ಸಂಘದಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲೊಬ್ಬರು ಒಮ್ಮೆ, "ಅಕ್ಕಾ, ನೀವು ಯೋಚಿಸಿ ಬಿಟ್ಟದ್ದಾ, ಇಲ್ಲಾ ಮನೆಯಲ್ಲಿ ಮಾಡದ ಕಾರಣ ತಿನ್ನದೇ ಉಳಿದದ್ದಾ?" ಎಂದು ಕೇಳಿದರು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಗಾಂಧೀಜಿಯವರ ಆತ್ಮಕಥೆಯನ್ನು ಮತ್ತೆ ತೆರೆದದ್ದು ಆ ದಿನವೇ.

ಗಾಂಧೀಜಿಯೂ ಹುಟ್ಟಾ ಸಸ್ಯಾಹಾರಿಯೇ. ಆದರೆ ಹೈಸ್ಕೂಲಿನ ದಿನಗಳಲ್ಲಿ, ಮಾಂಸ ತಿಂದರೆ ಇಂಗ್ಲಿಷರನ್ನು ಎದುರಿಸುವ ಬಲ ಬರುತ್ತದೆ ಎಂಬ ಗೆಳೆಯನ ಮಾತು ನಂಬಿ ಕದ್ದು ಆಡಿನ ಮಾಂಸ ತಿಂದರು. ಆ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾಯಿತಂತೆ. ಆದರೂ ಒಂದು ವರ್ಷದಲ್ಲಿ ಐದಾರು ಸಲ ತಿಂದರು. ನಿಲ್ಲಿಸಿದ್ದು ಆಡಿನ ಮೇಲಿನ ಕರುಣೆಯಿಂದಲ್ಲ, ತಂದೆತಾಯಿಗೆ ಸುಳ್ಳು ಹೇಳಲಾರದೆ.

ಆಮೇಲೆ ತಾಯಿ ಪುತಲೀಬಾಯಿಗೆ ಕೊಟ್ಟ ಮಾತು. ಜೈನ ಸಾಧುವೊಬ್ಬರ ಎದುರು ಪ್ರಮಾಣ ಮಾಡಿ 1888ರ ಸೆಪ್ಟೆಂಬರ್ 4ರಂದು ನಮ್ಮ ಮುಂಬಯಿಯಿಂದಲೇ ಹಡಗು ಹತ್ತಿದರು. ಲಂಡನ್ನಿನಲ್ಲಿ ಉಪ್ಪು ಖಾರವಿಲ್ಲದ ಬೇಯಿಸಿದ ತರಕಾರಿ, ಅರೆಹೊಟ್ಟೆ. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಣ್ಣಿಗೆ ಬಿತ್ತು. ಅಲ್ಲೇ ಒಂದು ಶಿಲ್ಲಿಂಗ್ ಕೊಟ್ಟು ಹೆನ್ರಿ ಸಾಲ್ಟ್ ಬರೆದ ಪುಸ್ತಕ ಕೊಂಡರು. ಅಲ್ಲಿಯವರೆಗೆ ಅವರನ್ನು ಹಿಡಿದಿಟ್ಟದ್ದು ತಾಯಿಗೆ ಕೊಟ್ಟ ಮಾತು ಮಾತ್ರ. ಪುಸ್ತಕ ಓದಿದ ಮೇಲೆ ಸಸ್ಯಾಹಾರ ಅವರದೇ ಆಯ್ಕೆಯಾಯಿತು.

ಈ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದದ್ದು ಕಸ್ತೂರಬಾ ಅವರದು.

1909ರ ಆರಂಭ, ದಕ್ಷಿಣ ಆಫ್ರಿಕದ ಡರ್ಬನ್. ರಕ್ತಸ್ರಾವದಿಂದ ಸೊರಗಿದ್ದ ಕಸ್ತೂರಬಾಗೆ ಕ್ಲೋರೋಫಾರಂ ಇಲ್ಲದೆಯೇ ಶಸ್ತ್ರಚಿಕಿತ್ಸೆಯಾಗಿತ್ತು. ಗಾಂಧೀಜಿ ಜೋಹಾನ್ಸ್‌ಬರ್ಗ್‌ನಲ್ಲಿದ್ದರು. ಗೋಮಾಂಸದ ಸಾರು ಕೊಡಲೇಬೇಕು ಎಂದು ವೈದ್ಯರು ಫೋನಿನಲ್ಲಿ ಅನುಮತಿ ಕೇಳಿದರು. ನಾನು ಒಪ್ಪಲಾರೆ, ಅವಳಿಗೆ ಪ್ರಜ್ಞೆಯಿದ್ದರೆ ಅವಳನ್ನೇ ಕೇಳಿ ಎಂದರು ಗಾಂಧೀಜಿ. ಓಡಿ ಬಂದು ನೋಡಿದರೆ, ಫೋನ್ ಮಾಡುವ ಮೊದಲೇ ಸಾರು ಕುಡಿಸಿಯಾಗಿತ್ತು! ಇನ್ನು ಮುಂದೆಯೂ ತಮ್ಮಿಷ್ಟದಂತೆ ಆಹಾರ ಕೊಡಲು ಬಿಡದಿದ್ದರೆ ಕರೆದುಕೊಂಡು ಹೋಗಿ ಎಂದರು ವೈದ್ಯರು.

ಗಾಂಧೀಜಿ ಹೆಂಡತಿಯನ್ನು ಕೇಳಿದರು. ಎದ್ದು ಕೂರಲಾಗದಿದ್ದ ಹೆಂಗಸು ಖಡಾಖಂಡಿತವಾಗಿ ಬೇಡವೆಂದರು. ಸಾಯುವುದಾದರೆ ಸಾಯುತ್ತೇನೆ ಎಂದರು. ಗಂಡನೇ, ನನ್ನ ದಾರಿ ನೀನು ಹಿಡಿಯಬೇಕಾಗಿಲ್ಲ, ಮಾಂಸ ತಿನ್ನುವ ಹಿಂದೂಗಳೂ ಇದ್ದಾರೆ ಎಂದು ಹೇಳಿ ನೋಡಿದರೂ ಜಗ್ಗಲಿಲ್ಲ.

ಹೊರಗೆ ತುಂತುರು ಮಳೆ. ಮೂಳೆಚಕ್ಕಳವಾಗಿದ್ದ ಕಸ್ತೂರಬಾರನ್ನು ರಿಕ್ಷಾದಲ್ಲಿ ಸ್ಟೇಷನ್ನಿಗೆ ತಂದು, ಉದ್ದನೆಯ ಪ್ಲಾಟ್‌ಫಾರಂ ಮೇಲೆ ಗಾಂಧೀಜಿ ಎರಡೂ ತೋಳುಗಳಲ್ಲಿ ಎತ್ತಿಕೊಂಡು ಹೋಗಿ ರೈಲು ಹತ್ತಿಸಿದರು. ಫೀನಿಕ್ಸ್ ಸ್ಟೇಷನ್ನಿನಿಂದ ಆಶ್ರಮಕ್ಕೆ ಜೋಲಿಯಲ್ಲಿ ಹೊತ್ತು ತಂದರು. ದಾರಿಯುದ್ದಕ್ಕೂ ಕಸ್ತೂರಬಾ ಅವರೇ ಗಂಡನಿಗೆ ಧೈರ್ಯ ಹೇಳುತ್ತಿದ್ದರಂತೆ.

ಅಲ್ಲಿಗೂ ಮುಗಿಯಲಿಲ್ಲ. ಸ್ವಾಮಿಗಳೊಬ್ಬರು ಬಂದು, ಮಾಂಸಾಹಾರಕ್ಕೆ ಶಾಸ್ತ್ರದ ನಿಷೇಧವಿಲ್ಲ ಎಂದು ಮನುಸ್ಮೃತಿಯ ಶ್ಲೋಕ ಹೇಳತೊಡಗಿದರು. ಕಸ್ತೂರಬಾ ಉತ್ತರದ ಸಾರಾಂಶ ಇಷ್ಟು: ಸಾರು ಕುಡಿದು ಗುಣವಾಗುವುದು ನನಗೆ ಬೇಡ, ನನ್ನ ತಲೆ ತಿನ್ನಬೇಡಿ, ಚರ್ಚೆ ಬೇಕಾದರೆ ನನ್ನ ಗಂಡ, ಮಕ್ಕಳ ಜೊತೆ ಮಾಡಿ. ಇದನ್ನು ಓದುವಾಗೆಲ್ಲ ನನಗೆ ನಗು ಬರುತ್ತದೆ. ಅವರ ಕೈಯಲ್ಲಿ ಸಾಲ್ಟ್ ಬರೆದ ಪುಸ್ತಕವಿರಲಿಲ್ಲ. ನಂಬಿಕೆ ಹುಟ್ಟಿದ ಮನೆಯಿಂದಲೇ ಬಂದದ್ದಿರಬಹುದು. ಆದರೆ ಪ್ರಾಣವನ್ನೇ ಒತ್ತೆಯಿಟ್ಟು ಅದನ್ನು ತಮ್ಮದಾಗಿಸಿಕೊಂಡರು.

ಹಾಗೆಂದು ಅವರು ಹಟದ ಹೆಂಗಸೇನಲ್ಲ. ಹಸು, ಎಮ್ಮೆಯ ಹಾಲು ಬಿಟ್ಟಿದ್ದ ಗಾಂಧೀಜಿ ಮುಂದೆ ಕಾಯಿಲೆ ಬಿದ್ದು, ಹಾಲಿಲ್ಲದೆ ಚೇತರಿಕೆ ಇಲ್ಲ ಎಂದು ವೈದ್ಯರು ಕೈಚೆಲ್ಲಿದಾಗ, ಆಡಿನ ಹಾಲಿಗೇನು ಅಡ್ಡಿ ಎಂದು ಕೇಳಿದವರೂ ಇವರೇ. ಗಾಂಧೀಜಿ ಕುಡಿದರು, ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗು ಅವರನ್ನು ಬಿಡಲಿಲ್ಲ. ಬದುಕಿಸಿಕೊಳ್ಳುವ ಹೊಣೆ ಹೊತ್ತ ಹೆಂಡತಿಗೆ ಅಕ್ಷರವೇ ಸಾಕಾಗಿತ್ತೇನೋ.

1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿ ಸಂಘ ಗಾಂಧೀಜಿಯನ್ನು ಭಾಷಣಕ್ಕೆ ಕರೆಯಿತು. ಬರೀ ಆರೋಗ್ಯಕ್ಕಾಗಿ ಸಸ್ಯಾಹಾರಿಯಾದವರು ಕೊನೆಯವರೆಗೆ ನಿಲ್ಲುವುದು ಕಷ್ಟ, ನೈತಿಕ ಬುನಾದಿ ಬೇಕು ಎಂದು ಅವರು ಹೇಳಿದರು. ಮುದುಕರಾಗಿದ್ದ ಹೆನ್ರಿ ಸಾಲ್ಟ್ ಪಕ್ಕದಲ್ಲೇ ಕೂತಿದ್ದರು. ಕಸ್ತೂರಬಾ ಆ ಸಭೆಯಲ್ಲಿರಲಿಲ್ಲ, ಭಾರತದಲ್ಲೇ ಉಳಿದಿದ್ದರು.