ಕಾಮಿಕ್ಸ್ ಓದುಗರು ಹುಡುಕಿಕೊಟ್ಟ ಹೆಸರುಗಳು

ಡೊನಾಲ್ಡ್ ಡಕ್ ಎಂಬ ಮುಂಗೋಪದ ಬಾತುಕೋಳಿಯ ಕಾಮಿಕ್ಸ್ ಕಥೆಗಳನ್ನು ಬರೆದವರು ಯಾರು ಎಂದು ಕೇಳಿದರೆ ವಾಲ್ಟ್ ಡಿಸ್ನಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಪುಸ್ತಕಗಳ ಮೇಲೆ ಅಚ್ಚಾಗುತ್ತಿದ್ದುದೂ ಅದೊಂದೇ ಹೆಸರು. 1950ರ ದಶಕದ ಆರಂಭದಲ್ಲಿ ಡಿಸ್ನಿಯ ಮಾಸಿಕ ಕಾಮಿಕ್ಸ್ ಅಮೆರಿಕದಲ್ಲಿ ತಿಂಗಳಿಗೆ 30 ಲಕ್ಷದಷ್ಟು ಖರ್ಚಾಗುತ್ತಿತ್ತು. ಅದನ್ನು ಓದುತ್ತಿದ್ದ ಮಕ್ಕಳಲ್ಲಿ ಕೆಲವರು ಒಂದು ಸಂಗತಿಯನ್ನು ಗಮನಿಸಿದ್ದರು. ಎಲ್ಲ ಕಥೆಗಳೂ ಒಂದೇ ಕೈಯಿಂದ ಬಂದವಾಗಿರಲಿಲ್ಲ. ಕೆಲವದರಲ್ಲಿ ರೇಖೆ ಹೆಚ್ಚು ಜೀವಂತ, ಹಾಸ್ಯ ಹೆಚ್ಚು ಮೊನಚು, ದೂರದೇಶದ ಬೆಟ್ಟ, ಕೋಟೆ, ಹಡಗುಗಳು ಕಣ್ಣಾರೆ ಕಂಡು ಬರೆದಷ್ಟು ನಿಖರ. ಹೆಸರು ತಿಳಿಯದ ಆ ಕಲಾವಿದನನ್ನು ಅವರು ‘ಒಳ್ಳೆಯ ಬಾತುಕೋಳಿ ಕಲಾವಿದ’ ಎಂದೇ ಕರೆದುಕೊಳ್ಳುತ್ತಿದ್ದರು.

ಹಾಗೆ ಓದುತ್ತ ಬೆಳೆದ ಕೆಲವರು ಪಟ್ಟುಹಿಡಿದು ವಿಚಾರಿಸಿ 1960ರ ಹೊತ್ತಿಗೆ ಆತನ ಹೆಸರನ್ನು ಪತ್ತೆಮಾಡಿದರು: ಕಾರ್ಲ್ ಬಾರ್ಕ್ಸ್. ಡಿಸ್ನಿ ಸ್ಟುಡಿಯೋದ ಕೆಲಸ ಬಿಟ್ಟು 1942ರಿಂದ ಕಾಮಿಕ್ಸ್ ರಚಿಸುತ್ತಿದ್ದ ಈತ ಕಥೆಯನ್ನೂ ಚಿತ್ರವನ್ನೂ ತಾನೇ ಮಾಡುತ್ತಿದ್ದ. ಜಗತ್ತಿನ ಮಕ್ಕಳೆಲ್ಲ ಬಲ್ಲ ಜಿಪುಣ ಸ್ಕ್ರೂಜ್ ಮಾವ 1947ರಲ್ಲಿ ಈತ ಸೃಷ್ಟಿಸಿದ ಪಾತ್ರ. ದೇಶ ಸುತ್ತಿದವನೇನೂ ಅಲ್ಲ; ಆ ಬೆಟ್ಟ, ಕೋಟೆಗಳಿಗೆಲ್ಲ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಚಿತ್ರಗಳೇ ಆಧಾರ. ಅಭಿಮಾನಿಗಳ ಪತ್ರಗಳು ಕೈಸೇರುವ ವೇಳೆಗೆ ಬಾರ್ಕ್ಸ್‌ಗೆ ಅರವತ್ತು ಸಮೀಪಿಸಿತ್ತು. ನಿವೃತ್ತಿಯ ನಂತರ, 1971ರಿಂದ, ಇದೇ ಓದುಗರ ಕೋರಿಕೆಯ ಮೇರೆಗೆ ಡಿಸ್ನಿಯ ಅನುಮತಿ ಪಡೆದು ಬಾತುಕೋಳಿಗಳ ತೈಲಚಿತ್ರಗಳನ್ನು ಬರೆದ. 2000ದಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡಾಗ ಈತ ಲೋಕಪ್ರಸಿದ್ಧನಾಗಿದ್ದ.

ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದವರು ಪರಸ್ಪರ ಪರಿಚಿತರಾದುದು ಹೇಗೆ? ವಾಚಕರ ಪತ್ರಗಳ ಕೆಳಗೆ ಅಚ್ಚಾಗುತ್ತಿದ್ದ ವಿಳಾಸದಿಂದ. ಇದು ಮೊದಲು ನಡೆದದ್ದು ವೈಜ್ಞಾನಿಕ ಕಥೆಗಳ ಲೋಕದಲ್ಲಿ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಓದುಗರ ಪತ್ರಗಳನ್ನು ಪೂರ್ಣ ವಿಳಾಸದೊಂದಿಗೆ ಪ್ರಕಟಿಸುತ್ತಿತ್ತು. ಸಂಪಾದಕರಿಗೆ ಬರೆದವರು ಕ್ರಮೇಣ ಒಬ್ಬರಿಗೊಬ್ಬರು ಬರೆಯತೊಡಗಿದರು. ತಮ್ಮದೇ ಪುಟ್ಟ ಪತ್ರಿಕೆಗಳನ್ನು ಹೊರಡಿಸಿದರು. ಫ್ಯಾನ್‌ಜಿನ್ ಎಂದು ಮುಂದೆ ಹೆಸರಾದ ಅಂತಹ ಪತ್ರಿಕೆಗಳ ಪೈಕಿ ಒಂದನ್ನು ನಡೆಸುತ್ತಿದ್ದ ಇಬ್ಬರು ಹುಡುಗರೇ, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, 1938ರಲ್ಲಿ ಸೂಪರ್‌ಮ್ಯಾನ್ ಕಥೆಯನ್ನು ಜಗತ್ತಿಗೆ ಕೊಟ್ಟರು. 1932ರಲ್ಲಿ ಇಂಥದೇ ಇನ್ನೊಂದನ್ನು ಹೊರಡಿಸಿದವರಲ್ಲಿ ಜೂಲಿಯಸ್ ಶ್ವಾರ್ಟ್ಜ್ ಎಂಬ ತರುಣನಿದ್ದ.

ಶ್ವಾರ್ಟ್ಜ್ ಮುಂದೆ ಡಿ.ಸಿ. ಕಾಮಿಕ್ಸ್ ಸಂಸ್ಥೆಯ ಸಂಪಾದಕನಾದ. ತನ್ನ ಹರೆಯದ ಪಾಠವನ್ನು ಮರೆಯದೆ, 1961ರಲ್ಲಿ ತನ್ನ ಕಾಮಿಕ್ಸ್‌ಗಳಲ್ಲೂ ಓದುಗರ ಪೂರ್ಣ ವಿಳಾಸ ಅಚ್ಚುಹಾಕಿಸಲು ತೊಡಗಿದ. ಅದೇ ವರ್ಷದ ಮಾರ್ಚ್‌ನಲ್ಲಿ ಡೆಟ್ರಾಯಿಟ್‌ನ ಕಾಲೇಜು ಅಧ್ಯಾಪಕ ಜೆರ್ರಿ ಬೇಲ್ಸ್ ‘ಆಲ್ಟರ್ ಈಗೋ’ ಎಂಬ ಫ್ಯಾನ್‌ಜಿನ್ ಹೊರಡಿಸಿದ. ನಮ್ಮ ಸೈಕ್ಲೋಸ್ಟೈಲಿನಂತಹ ನಕಲು ಯಂತ್ರದಲ್ಲಿ ತೆಗೆದ ಹಾಳೆಗಳು ಅವು. ಹಳೆಯ ಕಥೆಗಳ ನೆನಪು, ಹೊಸತರ ವಿಮರ್ಶೆ, ಯಾವ ಸಂಚಿಕೆಯಲ್ಲಿ ಏನಿದೆ ಎಂಬ ಪಟ್ಟಿ, ಜೊತೆಗೆ ಬೇಕಾದಷ್ಟು ಜಗಳ. ಮಯಾಮಿಯಲ್ಲಿ ಜಿ.ಬಿ. ಲವ್ ಎಂಬ, ಸೆರೆಬ್ರಲ್ ಪಾಲ್ಸಿಯಿಂದ ಬಳಲುತ್ತಿದ್ದ ಯುವಕ ಅದೇ ವರ್ಷ ಮತ್ತೊಂದನ್ನು ಆರಂಭಿಸಿದ. ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್.ಆರ್. ಮಾರ್ಟಿನ್ ಕೂಡ ಈ ಬಳಗದ ಹುಡುಗನೇ. 1963ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್‌ನಲ್ಲಿ ಆತನ ಪತ್ರ ಅಚ್ಚಾಗಿತ್ತು.

ಒಬ್ಬನೇ ವೀರನಿಗೆ ಅಂಟಿಕೊಂಡಿದ್ದ ಓದುಗನನ್ನು ಬೇರೆ ಕಥೆಗಳತ್ತ ತಿರುಗಿಸಿದ್ದು ಈ ಹಾಳೆಗಳ ದೊಡ್ಡ ಉಪಕಾರ. ಸೂಪರ್‌ಮ್ಯಾನ್ ಬಿಟ್ಟರೆ ಬೇರೇನೂ ಓದದವನಿಗೆ ಬಾರ್ಕ್ಸ್‌ನ ಬಾತುಕೋಳಿಗಳನ್ನು, ವಿಲ್ ಐಸ್ನರ್‌ನ ‘ದಿ ಸ್ಪಿರಿಟ್’ ಅನ್ನು, ಯೂರೋಪಿನ ಚಿತ್ರಕಥೆಗಳನ್ನು ಯಾರಾದರೊಬ್ಬರು ಶಿಫಾರಸು ಮಾಡುತ್ತಿದ್ದರು. ಇಂದು ಪುಸ್ತಕದಂಗಡಿಗಳಲ್ಲಿ ಪ್ರತ್ಯೇಕ ಕಪಾಟನ್ನೇ ಪಡೆದಿರುವ ‘ಗ್ರಾಫಿಕ್ ನಾವೆಲ್’ ಎಂಬ ಮಾತು ಮೊದಲು ಕಾಣಿಸಿಕೊಂಡದ್ದು 1964ರಲ್ಲಿ, ರಿಚರ್ಡ್ ಕೈಲ್ ಎಂಬ ಓದುಗ ಇಂತಹುದೊಂದು ಖಾಸಗಿ ಪತ್ರಿಕೆಗೆ ಬರೆದ ಲೇಖನದಲ್ಲಿ. ವಿದ್ವಾಂಸರು ಈ ಕಡೆ ತಿರುಗಿ ನೋಡುವುದಕ್ಕೆ ಇನ್ನೂ ಬಹಳ ಕಾಲವಿತ್ತು.

ಈ ಉಸಾಬರಿಯೆಲ್ಲ ಕೇವಲ ಹವ್ಯಾಸವೆಂದುಕೊಂಡವರಿಗೆ ಬ್ಯಾಟ್‌ಮ್ಯಾನ್ ಪ್ರಕರಣ ಉತ್ತರ ಕೊಟ್ಟಿತು. 1939ರಲ್ಲಿ ಹುಟ್ಟಿದ ಬ್ಯಾಟ್‌ಮ್ಯಾನ್‌ನ ಕಥೆಗಳಲ್ಲಿ ಕಾಣುತ್ತಿದ್ದುದು ಬಾಬ್ ಕೇನ್ ಎಂಬ ಕಲಾವಿದನ ಹೆಸರೊಂದೇ. 1965ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಓದುಗರ ಸಮ್ಮೇಳನಕ್ಕೆ ಬಿಲ್ ಫಿಂಗರ್ ಎಂಬ ಕಥೆಗಾರ ಬಂದಿದ್ದ. ಬೇಲ್ಸ್ ಆತನನ್ನು ಮಾತಾಡಿಸಿ, ಮೊದಲ ಕಥೆ ಬರೆದವನೂ ಆ ವೇಷಕ್ಕೆ ಕಪ್ಪು ಛಾಯೆಯ ರೂಪ ಕೊಟ್ಟವನೂ ಈತನೇ ಎಂದು ಎರಡು ಪುಟದ ಲೇಖನ ಬರೆದು ಹಂಚಿದ. ಕೇನ್ ಕೆರಳಿ, ಎಲ್ಲವನ್ನೂ ಅಲ್ಲಗಳೆದು, ಅಭಿಮಾನಿ ಪತ್ರಿಕೆಯೊಂದಕ್ಕೆ ಉದ್ದನೆಯ ಪತ್ರ ಬರೆದ. ಫಿಂಗರ್ 1974ರಲ್ಲಿ ಸತ್ತಾಗ ಅವನ ಹೆಸರು ಬಲ್ಲವರು ಈ ಓದುಗರ ವಲಯದ ಹೊರಗೆ ತೀರ ಕಡಿಮೆ. 1989ರ ಆತ್ಮಕಥೆಯಲ್ಲಿ ಕೇನ್, ಗೆಳೆಯನಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು ಒಪ್ಪಿಕೊಂಡ. ಸಂಸ್ಥೆ ಅಧಿಕೃತವಾಗಿ ಫಿಂಗರ್ ಹೆಸರು ಸೇರಿಸಿದ್ದು 2015ರಲ್ಲಿ. ಬೇಲ್ಸ್‌ನ ಎರಡು ಪುಟಕ್ಕೂ ಅದಕ್ಕೂ ನಡುವೆ ಐವತ್ತು ವರ್ಷ!

ಇನ್ನೊಂದು ವಿಚಿತ್ರ ಸಂಗತಿಯೂ ಇದೆ. ಕಾಮಿಕ್ಸ್ ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತದೆಂದು 1954ರಲ್ಲಿ ಪುಸ್ತಕ ಬರೆದು ಅಮೆರಿಕದ ತಂದೆತಾಯಿಯರನ್ನು ಬೆಚ್ಚಿಬೀಳಿಸಿದವರು ಮನೋವೈದ್ಯ ಫ್ರೆಡ್ರಿಕ್ ವರ್ಥಮ್. ಆ ಗದ್ದಲಕ್ಕೆ ಹೆದರಿ ಪ್ರಕಾಶಕರು ಅದೇ ವರ್ಷ ತಮ್ಮ ಮೇಲೆ ತಾವೇ ಕಟ್ಟುನಿಟ್ಟಿನ ಸಂಹಿತೆ ಹೇರಿಕೊಂಡರು. ಅದೇ ವರ್ಥಮ್ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ವಿಷಯ: ಫ್ಯಾನ್‌ಜಿನ್‌ಗಳು. ಧಾಟಿ: ಮೆಚ್ಚುಗೆ. ಓದುಗರೇನೂ ಅವರನ್ನು ಕ್ಷಮಿಸಲಿಲ್ಲ. ಅವರ ಹಳೆಯ ಪುಸ್ತಕದ ಎಷ್ಟೋ ಸಾಕ್ಷ್ಯಗಳು ತಿರುಚಿದವು ಎಂಬುದನ್ನು ಸಂಶೋಧಕಿ ಕ್ಯಾರಲ್ ಟಿಲ್ಲಿ 2012ರಲ್ಲಿ ಅವರದೇ ಕಡತಗಳಿಂದ ತೋರಿಸಿಕೊಟ್ಟರು.

ಹೆಸರು ಮರೆಯಾಗುವುದು ಅಮೆರಿಕಕ್ಕೆ ಸೀಮಿತವಾದ ವಿದ್ಯಮಾನವಲ್ಲ. ‘ಅಮರ ಚಿತ್ರ ಕಥೆ’ ಎಂದೊಡನೆ ಅನಂತ ಪೈ ಅವರ ಹೆಸರು ನೆನಪಾಗುತ್ತದೆ. ಆ ಮಾಲೆಯನ್ನು ಮನೆಮನೆಗೆ ಮುಟ್ಟಿಸಿದ ಶ್ರೇಯ ಅವರದೇ. ಆದರೆ ಅದರ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪಗಳು ಅವು, ಒಟ್ಟು ಹತ್ತು. ಇಂಗ್ಲಿಷಿನಲ್ಲಿ ಮಾಲೆಯ ಮೊದಲ ಪುಸ್ತಕವೆಂದು ದೇಶವೆಲ್ಲ ಓದಿದ ‘ಕೃಷ್ಣ’ನ ಕ್ರಮಸಂಖ್ಯೆ 11 ಆಗಿರುವುದು ಈ ಕಾರಣದಿಂದಲೇ.