ಕೆಂಪು ಸೆರಗಿನ ಹಟ

ನೂರು ವರ್ಷದಲ್ಲಿ ಇಳಕಲ್ ಸೀರೆ ಎಷ್ಟೋ ಬಿಟ್ಟುಕೊಟ್ಟಿದೆ. ಕೈಯಲ್ಲಿ ನೂತ ನೂಲು ಹೋಗಿ ಗಿರಣಿ ನೂಲು ಬಂತು. ಗಿಡ, ಬೇರು, ತೊಗಟೆಯ ಬಣ್ಣ ಹೋಗಿ ರಾಸಾಯನಿಕ ಬಣ್ಣ ಬಂತು. ರೇಷ್ಮೆಯ ಜಾಗದಲ್ಲಿ ಎಷ್ಟೋ ಸೀರೆಗಳಿಗೆ ಚಮಕಾ ಎಂಬ ಕೃತಕ ರೇಷ್ಮೆ ಬಂದು ಕೂತಿತು. ಹದಿನೆಂಟು ಮೊಳ ಹನ್ನೆರಡಕ್ಕಿಳಿಯಿತು. ಕಚ್ಚೆ ಹಾಕಿ ಹೊಲಕ್ಕೆ ಹೋಗುತ್ತಿದ್ದವರ ಮೊಮ್ಮಕ್ಕಳು ನಿರಿಗೆ ಹಿಡಿದು ಬ್ಯಾಂಕು, ಶಾಲೆಗೆ ಹೊರಟರು. ಆದರೆ ಸೆರಗು ಕೆಂಪೇ ಉಳಿಯಿತು. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಈ ಟೋಪ ತೆನಿ ಸೆರಗಿಲ್ಲದ ಸೀರೆಯನ್ನು ನಮ್ಮ ಬಾಗಲಕೋಟೆ ಸೀಮೆಯ ಹಿರಿಯ ಹೆಣ್ಣುಮಕ್ಕಳು ಇಳಕಲ್ ಸೀರೆ ಎಂದು ಒಪ್ಪುವುದಿಲ್ಲ.

ಈ ಹಟ ನೇಕಾರನಿಗೆ ಎಷ್ಟು ದುಬಾರಿ ಎಂಬುದು ಮಗ್ಗದ ಕುಣಿಯ ಪಕ್ಕ ಕೂತರೆ ತಿಳಿಯುತ್ತದೆ. ಸೀರೆಯ ಮೈ ಹಸಿರಾದರೆ ಹಾಸಿನ ಎಳೆಗಳೂ ಹಸಿರು. ಅದರಲ್ಲೇ ಕೆಂಪು ಹೊಕ್ಕು ಹೊಡೆದರೆ ಸೆರಗು ಮಸುಕಾಗುತ್ತದೆ. ಅಚ್ಚ ಕೆಂಪು ಬೇಕಾದರೆ ಸೆರಗಿಗೆ ಬೇರೆಯೇ ಹಾಸು ಬೇಕು. ಅದಕ್ಕೆ ಮೈಯ ಎಳೆಯೊಳಗೆ ಸೆರಗಿನ ಕೆಂಪು ಎಳೆ ತೂರಿಸಿ, ಒಂದರಲ್ಲೊಂದು ಕುಣಿಕೆ ಹಾಕಿ ಸೇರಿಸುತ್ತಾರೆ. ಇದೇ ಕೊಂಡಿ. ಪನ್ನಾ, ಅಂದರೆ ಬಟ್ಟೆಯ ಅಗಲದ ಉದ್ದಕ್ಕೂ ಸಾವಿರಾರು ಎಳೆ. ಒಂದು ತಪ್ಪಿದರೂ ನೇಯ್ಗೆಯಲ್ಲಿ ಗೆರೆ ಬೀಳುತ್ತದೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಹೀಗಾಗಿ ಹತ್ತಿಪ್ಪತ್ತು ಸೀರೆಯ ಹಾಸನ್ನು ಒಟ್ಟಿಗೆ ಮಗ್ಗಕ್ಕೆ ಏರಿಸಿ ನೇಯುತ್ತ ಹೋಗುವಂತಿಲ್ಲ. ಒಂದು ಸೀರೆಯ ಉದ್ದಕ್ಕೆ ಒಂದು ಹಾಸು. ಇದರ ಮೇಲೆ ಮೈಗೊಂದು, ಎರಡು ದಡಿಗೆ ಎರಡು, ಒಟ್ಟು ಮೂರು ಲಾಳಿ. ಚಿಕ್ಕಿ, ಗೋಮಿ, ಗಾಡಿ ದಡಿಗಳ ಚೆಲುವಿನ ಬಗ್ಗೆ ಬರೆದವರು ಬಹಳ ಮಂದಿ. ಕೊಂಡಿ ಹಾಕುವ ಬೆರಳುಗಳ ಬಗ್ಗೆ ಬರೆದವರು ಕಡಿಮೆ. ಆ ಬೆರಳುಗಳು ಎಷ್ಟೋ ಮನೆಗಳಲ್ಲಿ ಹೆಂಗಸರವು.

ಇಷ್ಟು ತ್ರಾಸು ಯಾರಿಗಾಗಿ? ಉಡುವವಳಿಗಾಗಿ. ನಮ್ಮ ಕಡೆ ಮದುಮಗಳಿರಲಿ, ಬಸುರಿ ಇರಲಿ, ತವರಿಂದ ಹೊರಟ ಮಗಳಿರಲಿ, ಉಡಿ ತುಂಬುವುದು ಸೆರಗಿನಲ್ಲಿ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ ಎಲ್ಲ ಅದರಲ್ಲೇ ಬೀಳಬೇಕು. “ಮೈ ಯಾವ ಬಣ್ಣದ್ದರ ಇರ್ಲಿ, ಉಡಿ ಒಡ್ಡೂದು ಕೆಂಪು ಸೆರಗಿನ್ಯಾಗ” ಎನ್ನುತ್ತಿದ್ದಳು ನಮ್ಮವ್ವ. ಸೀರೆ ಹರಿದಾಗ ಮೈಯನ್ನು ಕೌದಿಗೆ ಕೊಟ್ಟು, ಸೆರಗನ್ನು ಕತ್ತರಿಸಿ ಟ್ರಂಕಿನಲ್ಲಿಡುತ್ತಿದ್ದಳು. ಅವಳ ತಾಯಿಯ ಸೀರೆಯ ಸೆರಗೂ ಅಲ್ಲೇ ಇತ್ತು. ಬಟ್ಟೆ ಸವೆದರೂ ತವರಿನ ನೆನಪು ಸವೆಯಬಾರದೆಂಬ ಆಸೆ ಅದು ಎಂದು ನನಗೆ ಈಗ ಅನ್ನಿಸುತ್ತದೆ.

ಕೈಮಗ್ಗವನ್ನು ಇಷ್ಟು ದಿನ ಕಾಯ್ದದ್ದು ಈ ಹೆಣ್ಣುಮಕ್ಕಳ ಹಟವೇ ಎಂದು ನಾನು ನಂಬಿದ್ದೇನೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕೇಂದ್ರದ ಕಾಯ್ದೆ 1985ರಲ್ಲೇ ಬಂತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೂ ಪವರ್‌ಲೂಮಿನ ‘ಇಳಕಲ್’ ಅಂಗಡಿ ತುಂಬಿದೆ. ಬೆಲೆ ಕಡಿಮೆ, ದೂರದಿಂದ ನೋಡಿದರೆ ಅದೇ ಕೆಂಪು. ಕೊಂಡಿಯ ಕೂಲಿಗೆ ಮಕ್ಕಳ ಓದು ಸಾಗದೆ ಎಷ್ಟೋ ಮನೆಯ ಹುಡುಗರು ಮಗ್ಗ ಬಿಟ್ಟಿದ್ದಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ.

ನಮ್ಮ ಕೈಲಾಗುವುದು ಒಂದಿದೆ. ಇಳಕಲ್ ಸೀರೆ ಕೊಳ್ಳುವಾಗ ಅದನ್ನು ತಿರುವಿ, ಸೆರಗು ಮೈಗೆ ಸೇರುವ ಜಾಗ ನೋಡಿ. ಕುಣಿಕೆಗಳ ಸಾಲು ಕಾಣದಿದ್ದರೆ ಬೇಡವೆನ್ನಿ. ಕಂಡರೆ ದಯವಿಟ್ಟು ಚೌಕಾಶಿ ಮಾಡಬೇಡಿ.