ಮೀನೆಣ್ಣೆ ಮತ್ತು ಹೃದಯ ಬಡಿತದ ಲಯದೋಷಗಳು: ಸಾರ್ವಜನಿಕರಿಗೆ ಮಾಹಿತಿ

ಹೃದಯಕ್ಕೆ ಹಿತಕರವೆಂಬ ನಂಬಿಕೆಯಿಂದ ಮೀನೆಣ್ಣೆಯ ಕ್ಯಾಪ್ಸೂಲುಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಂಡು ಸೇವಿಸುವ ರೂಢಿ ಇದೆ. ಎದೆಬಡಿತದಲ್ಲಿ ಏರುಪೇರು ಉಳ್ಳವರಿಗೆ ಈ ರೂಢಿಯು ಎಲ್ಲ ಸಂದರ್ಭಗಳಲ್ಲಿಯೂ ನಿರಪಾಯಕರವಲ್ಲ. ಈ ಕುರಿತ ಮುಖ್ಯ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

1. ಮೀನೆಣ್ಣೆ ಎಂದರೇನು?

ಬೂತಾಯಿ, ಬಂಗುಡೆ ಮುಂತಾದ ಕೊಬ್ಬಿನ ಮೀನುಗಳಲ್ಲಿ ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬ ಒಮೆಗಾ-3 ಕೊಬ್ಬಿನಾಮ್ಲಗಳಿರುತ್ತವೆ. ಮೀನೆಣ್ಣೆಯ ಗುಣಕ್ಕೆ ಇವೇ ಆಧಾರ. ಅಗಸೆ ಬೀಜದಲ್ಲಿರುವ ಒಮೆಗಾ-3 ಬೇರೆ ಬಗೆಯದು. ಅದರ ಅಲ್ಪಭಾಗ ಮಾತ್ರ ದೇಹದಲ್ಲಿ ಇ.ಪಿ.ಎ. ಆಗಿ ಮಾರ್ಪಡುತ್ತದೆ. ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವಗಳೂ ಇರುವುದರಿಂದ ಅದನ್ನು ಸಾಧಾರಣ ಮೀನೆಣ್ಣೆಯೆಂದು ಭಾವಿಸತಕ್ಕದ್ದಲ್ಲ.

2. ಲಯದೋಷದ ಎರಡು ಬಗೆಗಳು

ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳಲ್ಲಿ ಉಂಟಾಗುವ ತೀವ್ರ ಲಯದೋಷವು ಹಠಾತ್ ಮರಣಕ್ಕೆ ಕಾರಣವಾಗಬಲ್ಲದು. ಮೇಲ್ಕೋಣೆಗಳಾದ ಹೃತ್ಕರ್ಣಗಳು ಕ್ರಮ ತಪ್ಪಿ ಅದುರುವ ಸ್ಥಿತಿಯನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುತ್ತಾರೆ. ಈ ಸ್ಥಿತಿಯಲ್ಲಿ ಹೃತ್ಕರ್ಣದೊಳಗೆ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಸಾಗಿ, ಪಾರ್ಶ್ವವಾಯು ಉಂಟಾಗುವ ಸಂಭವವಿರುತ್ತದೆ. ಮೀನೆಣ್ಣೆಯ ಪರಿಣಾಮ ಈ ಎರಡೂ ಬಗೆಗಳಲ್ಲಿ ಒಂದೇ ಆಗಿರುವುದಿಲ್ಲ.

3. ಆರಂಭದ ನಿರೀಕ್ಷೆ

1989ರಲ್ಲಿ ಪ್ರಕಟವಾದ ವೇಲ್ಸ್‌ನ ಅಧ್ಯಯನದಲ್ಲಿ, ಹೃದಯಾಘಾತಕ್ಕೊಳಗಾಗಿದ್ದ 2,033 ಪುರುಷರ ಪೈಕಿ ಕೊಬ್ಬಿನ ಮೀನು ತಿನ್ನಲು ಸಲಹೆ ಪಡೆದವರಲ್ಲಿ ಎರಡು ವರ್ಷಗಳ ಮರಣ ಪ್ರಮಾಣವು ಶೇಕಡ 29ರಷ್ಟು ಕಡಿಮೆಯಾಗಿತ್ತು. 1999ರಲ್ಲಿ ಇಟಲಿಯ ಗಿಸ್ಸಿ ಅಧ್ಯಯನವು, ಹೃದಯಾಘಾತದ ನಂತರ ದಿನಕ್ಕೆ 1 ಗ್ರಾಂ ಒಮೆಗಾ-3 ಸೇವಿಸಿದವರಲ್ಲಿ ಹಠಾತ್ ಮರಣವು ಸುಮಾರು ಶೇಕಡ 45ರಷ್ಟು ತಗ್ಗಿದ್ದನ್ನು ವರದಿ ಮಾಡಿತು. ಈ ಕೊಬ್ಬಿನಾಮ್ಲಗಳು ಹೃದಯಕೋಶಗಳ ಸೋಡಿಯಂ ಮತ್ತು ಕ್ಯಾಲ್ಸಿಯಂ ಮಾರ್ಗಗಳನ್ನು ನಿಯಂತ್ರಿಸುತ್ತವೆಂಬ ಪ್ರಯೋಗಾಲಯದ ಫಲಿತಾಂಶಗಳು ಸಹ ನಿರೀಕ್ಷೆಯನ್ನು ಹೆಚ್ಚಿಸಿದವು.

4. ನಂತರದ ಫಲಿತಾಂಶಗಳು

ಎದೆಯಲ್ಲಿ ಡಿಫಿಬ್ರಿಲೇಟರ್ ಯಂತ್ರ ಅಳವಡಿಸಿಕೊಂಡವರಲ್ಲಿ ಹೃತ್ಕುಕ್ಷಿಯ ಪ್ರತಿ ಲಯದೋಷವೂ ಯಂತ್ರದಲ್ಲಿ ದಾಖಲಾಗುತ್ತದೆ. ಇಂತಹವರ ಮೇಲೆ ನಡೆದು 2005 ಮತ್ತು 2006ರಲ್ಲಿ ಪ್ರಕಟವಾದ ಮೂರು ಪರೀಕ್ಷೆಗಳಲ್ಲಿ ಮೀನೆಣ್ಣೆಯ ರಕ್ಷಣೆ ಸ್ಪಷ್ಟವಾಗಿ ಸಿದ್ಧಪಡಲಿಲ್ಲ. ಒಂದರಲ್ಲಿ ಕೆಲವು ರೋಗಿಗಳಿಗೆ ಲಯದೋಷ ಮರುಕಳಿಸುವುದು ಹೆಚ್ಚಾಗಿಯೇ ಕಂಡುಬಂದಿತು. 2010ರಲ್ಲಿ ಪ್ರಕಟವಾದ ಜರ್ಮನಿಯ ಒಮೆಗಾ ಅಧ್ಯಯನದಲ್ಲಿ, ಆಧುನಿಕ ಚಿಕಿತ್ಸೆ ಪಡೆಯುತ್ತಿದ್ದ 3,851 ರೋಗಿಗಳಲ್ಲಿ ಹಠಾತ್ ಮರಣ ಕಡಿಮೆಯಾಗಲಿಲ್ಲ. ಗಿಸ್ಸಿ ಅಧ್ಯಯನವು ಸ್ಟ್ಯಾಟಿನ್ ಔಷಧಿಗಳ ಬಳಕೆ ವ್ಯಾಪಕವಾಗಿರದ ಕಾಲದ್ದೆಂಬುದನ್ನು ಇಲ್ಲಿ ಗಮನಿಸಬೇಕು. ಹೃದಯಾಘಾತ ಮರುಕಳಿಸದಂತೆ ತಡೆಯಲು ಇಂತಹ ಔಷಧಿಗಳು ಪರಿಣಾಮಕಾರಿಯಲ್ಲವೆಂದು ಯೂರೋಪಿನ ಔಷಧ ಸಂಸ್ಥೆಯು 2019ರಲ್ಲಿ ದೃಢಪಡಿಸಿತು.

5. ಹೃತ್ಕರ್ಣದ ಲಯದೋಷ: ಹೆಚ್ಚುವ ಅಪಾಯ

2018ರಲ್ಲಿ ಪ್ರಕಟವಾದ ರೆಡ್ಯೂಸ್-ಇಟ್ ಅಧ್ಯಯನದಲ್ಲಿ, ಸ್ಟ್ಯಾಟಿನ್ ಸೇವಿಸುತ್ತಿದ್ದು ಟ್ರೈಗ್ಲಿಸರೈಡ್ ಹೆಚ್ಚಿದ್ದ 8,179 ಜನರ ಪೈಕಿ, ದಿನಕ್ಕೆ 4 ಗ್ರಾಂ ಶುದ್ಧೀಕೃತ ಇ.ಪಿ.ಎ. ಔಷಧಿ ಪಡೆದವರಲ್ಲಿ ಹೃದ್ರೋಗದ ಪ್ರಮುಖ ಘಟನೆಗಳು ಶೇಕಡ 25ರಷ್ಟು ತಗ್ಗಿದವು. ಆದರೆ ಹೃತ್ಕರ್ಣದ ಲಯದೋಷಕ್ಕಾಗಿ ಆಸ್ಪತ್ರೆ ಸೇರಿದವರು ಔಷಧಿ ಪಡೆದವರಲ್ಲಿ ಶೇಕಡ 3.1, ಪಡೆಯದವರಲ್ಲಿ ಶೇಕಡ 2.1 ಇದ್ದರು. ಒಟ್ಟು 81,210 ಜನರನ್ನೊಳಗೊಂಡ ಏಳು ಪರೀಕ್ಷೆಗಳ 2021ರ ಸಮಗ್ರ ವಿಶ್ಲೇಷಣೆಯಲ್ಲಿ, ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಒಮೆಗಾ-3 ಸೇವಿಸಿದವರಿಗೆ ಈ ಅಪಾಯವು ಸುಮಾರು ಶೇಕಡ 49ರಷ್ಟು, 1 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸೇವಿಸಿದವರಿಗೆ ಸುಮಾರು ಶೇಕಡ 12ರಷ್ಟು ಹೆಚ್ಚಿರುವುದು ಕಂಡುಬಂದಿರುತ್ತದೆ. ಅಂದರೆ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ.

6. ಆಹಾರವಾಗಿ ಮೀನು

ಮೇಲ್ಕಂಡ ಎಚ್ಚರಿಕೆಯು ಕ್ಯಾಪ್ಸೂಲು ಮತ್ತು ಔಷಧಿಗಳಿಗೆ ಸಂಬಂಧಿಸಿದ್ದು; ಊಟದ ಮೀನಿಗೆ ಅನ್ವಯಿಸುವುದಿಲ್ಲ. ವಾರಕ್ಕೆ ಎರಡು ಬಾರಿ ಕರಿಯದ ಮೀನು ಸೇವಿಸುವುದು ಹೃದಯದ ಆರೋಗ್ಯಕ್ಕೆ ಸೂಕ್ತವೆಂಬ ಸಲಹೆ ಇಂದಿಗೂ ಇದೆ. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಸಾರು, ಪುಳಿಮುಂಚಿ ಅಥವಾ ಹಬೆಯಲ್ಲಿ ಬೇಯಿಸಿದ ಮೀನು ಮೇಲು. ಮೀನು ಸೇವಿಸದವರು ಕೇವಲ ಈ ಕಾರಣಕ್ಕಾಗಿ ಕ್ಯಾಪ್ಸೂಲು ಸೇವಿಸಬೇಕಾದ ಅಗತ್ಯವಿಲ್ಲ.

7. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಎದೆಬಡಿತ ತಪ್ಪಿದಂತೆ ಅಥವಾ ಓಡಿದಂತೆ ಅನಿಸಿದಲ್ಲಿ ಕ್ಯಾಪ್ಸೂಲು ಕೊಳ್ಳುವ ಬದಲು ಮೊದಲು ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಿಕೊಳ್ಳುವುದು.

ಆ) ಮೀನೆಣ್ಣೆ ಸೇವಿಸುತ್ತಿರುವವರು ಅದರ ಡಬ್ಬಿಯನ್ನು ವೈದ್ಯರಿಗೆ ತೋರಿಸುವುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಪಡೆಯುತ್ತಿರುವವರು ತಪ್ಪದೆ ತಿಳಿಸುವುದು.

ಇ) ಡಬ್ಬಿಯ ಮೇಲಿನ 1000 ಮಿ.ಗ್ರಾಂ ಎಂಬುದು ಸಾಮಾನ್ಯವಾಗಿ ಒಟ್ಟು ಎಣ್ಣೆಯ ತೂಕ. ಅನೇಕ ಕ್ಯಾಪ್ಸೂಲುಗಳಲ್ಲಿ ಇ.ಪಿ.ಎ. ಮತ್ತು ಡಿ.ಎಚ್.ಎ. ಸೇರಿ ಸುಮಾರು 300 ಮಿ.ಗ್ರಾಂ ಮಾತ್ರ ಇರುತ್ತದೆ. ಹಿಂಬದಿಯ ಪಟ್ಟಿಯನ್ನು ಓದಿ ನೋಡುವುದು.

ಈ) ವೈದ್ಯರು ಬರೆದುಕೊಟ್ಟಿರುವ ಒಮೆಗಾ-3 ಔಷಧಿಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸತಕ್ಕದ್ದಲ್ಲ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಲಾಭ ಮತ್ತು ಅಪಾಯ ಎರಡನ್ನೂ ತೂಗಿ ಅದನ್ನು ನೀಡಲಾಗಿರುತ್ತದೆ.

ಉ) ಲಯದೋಷಕ್ಕೆ ನೀಡಿರುವ ಔಷಧಿಗಳಿಗೆ ಮೀನೆಣ್ಣೆ ಪರ್ಯಾಯವಲ್ಲ.

ಊ) ಎದೆನೋವು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು ಅಥವಾ ಒಂದು ಪಾರ್ಶ್ವದ ಕೈಕಾಲು ಬಲಗುಂದುವುದು ಕಂಡುಬಂದಲ್ಲಿ ತಡಮಾಡದೆ 108 ಸಂಖ್ಯೆಗೆ ಕರೆ ಮಾಡುವುದು.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ.